ಸೊನ್ನೆಯೆಂದರೆ ಬಿಟ್ಟ ತಂತಿ

ಭೀಮೆಯ ಮೂಡಣ ದಡದಾಚೆ, ತೊಗರಿ ಹತ್ತಿಗಳ ಹೊಲಗಳು ಒಂದಕ್ಕೊಂದು ಬದುವು ತಾಗಿಸಿಕೊಂಡಿರುವ ಯಾದಗಿರಿ ತಾಲೂಕಿನ ಬಳಿಚಕ್ರದಲ್ಲಿ ಹುಟ್ಟಿ, ಅಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಮಕ್ಕಳಿಗೆ ಓನಾಮ ತಿದ್ದಿಸುತ್ತಲೇ ಮುಪ್ಪಿಗೆ ಕಾಲಿಟ್ಟ ನನಗೆ, 62ನೆಯ ವಯಸ್ಸಿನಲ್ಲಿ ಮತ್ತೊಂದು ಲಿಪಿಯನ್ನು ಮೊದಲ ಅಕ್ಷರದಿಂದ ಕಲಿಯಬೇಕಾದ ಪ್ರಸಂಗವು ಒದಗೀತೆಂದು ಯಾರಾದರೂ ನುಡಿದಿದ್ದರೆ, ಅದನ್ನು ವಿನೋದವೆಂದು ತಿಳಿದು ನಕ್ಕುಬಿಡುತ್ತಿದ್ದೆನು. ಕಳೆದ ಬೇಸಗೆಯಲ್ಲಿ ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟು ಯಾದಗಿರಿಯಲ್ಲಿ ಇಳಿದ ನನ್ನ ತಂಗಿಯ ಮಗನು, ಬೆನ್ನಿಗೆ ಕೂಸನ್ನು ಕಟ್ಟಿಕೊಂಡ ಕೂಲಿ ಹೆಂಗಸಿನಂತೆ, ಕರಿಯ ಚೀಲವೊಂದನ್ನು ಹೊತ್ತುಕೊಂಡು ಮನೆಗೆ ಬಂದನು. ಚೀಲದೊಳಗೆ ಗಿಟಾರು ಇತ್ತು. ಗಿಟಾರಿನ ಸಂಗಡ ಹತ್ತಿಪ್ಪತ್ತು ಹಾಳೆಗಳ ಒಂದು ಕಟ್ಟೂ ಇತ್ತು. ವಾದ್ಯವನ್ನು ಕಂಡು ನನಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ, ಸಿನಿಮಾದಲ್ಲಿ ಕಂಡ ವಸ್ತುವೇ ಅದು. ನನ್ನನ್ನು ತಡೆದು ನಿಲ್ಲಿಸಿದವು ಆ ಹಾಳೆಗಳು.

ಪ್ರತಿ ಹಾಳೆಯ ಮೇಲೂ ಆರಾರು ಗೆರೆಗಳು ಅಡ್ಡವಾಗಿ ಓಡಿದ್ದವು. ಗೆರೆಗಳ ಮೇಲೆ, ಗದ್ದೆಯ ಬದುವಿನ ಮೇಲೆ ಕುಳಿತ ಬೆಳ್ಳಕ್ಕಿಗಳಂತೆ, ಅಲ್ಲೊಂದು ಇಲ್ಲೊಂದು ಅಂಕೆಗಳು ಕುಳಿತಿದ್ದವು. ಸ ರಿ ಗ ಮ ಇರಲಿಲ್ಲ, ತಾಳದ ಗುರುತಿರಲಿಲ್ಲ, ಸಾಹಿತ್ಯವಂತೂ ಇಲ್ಲವೇ ಇಲ್ಲ. ಶ್ರಾವಣದ ಭಜನೆಯನ್ನೂ, ಮೊಹರಮ್ಮಿನ ರಿವಾಯತ ಪದಗಳನ್ನೂ, ಕಡಕೋಳದ ಮಡಿವಾಳಪ್ಪ ಮತ್ತು ಚನ್ನೂರಿನ ಜಲಾಲಸಾಹೇಬರ ತತ್ತ್ವಪದಗಳನ್ನೂ ಕಿವಿಯಿಂದಲೇ ಕಲಿತು ಕಿವಿಗೇ ಕಲಿಸುವ ಸೀಮೆ ನಮ್ಮದು. ಇಲ್ಲಿ ಹಾಡನ್ನು ಕಾಗದದ ಮೇಲೆ ಕಂಡವರು ವಿರಳ. ಕಂಡವರಾದರೂ ಕಂಡದ್ದು ಪದಗಳ ಸಾಲುಗಳನ್ನೇ ಹೊರತು ಮಟ್ಟನ್ನಲ್ಲ. ಇವು ಯಾವ ಲೆಕ್ಕದ ಹಾಳೆಗಳೆಂದು ಕೇಳಲು, ಹುಡುಗನು "ಲೆಕ್ಕ ಅಲ್ಲ ಮಾಮಾ, ಹಾಡು. ಇದಕ್ಕ ಟ್ಯಾಬ್ ಅಂತಾರ" ಎಂದನು. ಅಕ್ಷರಗಳನ್ನು ಕಲಿಸಿಯೇ ಅನ್ನ ಉಂಡವನಿಗೆ ಓದಲು ಬಾರದ ಲಿಪಿಯೊಂದು ಕಣ್ಣೆದುರಿಗೆ ಇದ್ದರೆ ನಿದ್ರೆ ಹತ್ತುವುದಿಲ್ಲ. ಮರುದಿನ ಮುಂಜಾನೆಯೇ ನಾನು ಅವನ ಶಿಷ್ಯನಾದೆನು.

ತಲೆಕೆಳಗಾದ ಪುಟ

ಮೊದಲ ಪಾಠವು ಬಹು ಸುಲಭವೆಂದು ತೋರಿತು. ಗಿಟಾರಿಗೆ ಆರು ತಂತಿಗಳು. ಹಾಳೆಯಲ್ಲಿ ಆರು ಗೆರೆಗಳು. ಒಂದೊಂದು ಗೆರೆಯೂ ಒಂದೊಂದು ತಂತಿಯ ಪ್ರತಿನಿಧಿ. ವೀಣೆಯ ದಂಡಿಯ ಮೇಲೆ ಮೇಣದಲ್ಲಿ ಕೂರಿಸಿದ 24 ಮೆಟ್ಟಿಲುಗಳು ಇರುವಂತೆ ಗಿಟಾರಿನ ಕತ್ತಿನ ಮೇಲೆಯೂ ಲೋಹದ ಮೆಟ್ಟಿಲುಗಳಿವೆ, ಹುಡುಗರ ಬಾಯಲ್ಲಿ ಅವು ಫ್ರೆಟ್ಟುಗಳು. ಗೆರೆಯ ಮೇಲೆ 3 ಎಂದು ಬರೆದಿದ್ದರೆ ಆ ತಂತಿಯನ್ನು ಮೂರನೆಯ ಮೆಟ್ಟಿಲಿನಲ್ಲಿ ಒತ್ತಿ ಮೀಟಬೇಕು. ಒತ್ತುವಾಗ ಬೆರಳು ಲೋಹದ ನೆತ್ತಿಯ ಮೇಲೆ ಕೂರದೆ ಅದರ ಹಿಂದೆ ಕೂದಲೆಳೆಯಷ್ಟು ಜಾಗ ಬಿಟ್ಟು ಕೂರಬೇಕು. ಎಡದಿಂದ ಬಲಕ್ಕೆ ಕನ್ನಡದಂತೆಯೇ ಓದಬೇಕು. ಅಂಕೆಗಳು ಒಂದರ ಕೆಳಗೊಂದು ನೇರವಾಗಿ ನಿಂತಿದ್ದರೆ ಅವುಗಳನ್ನೆಲ್ಲ ಏಕಕಾಲಕ್ಕೆ ನುಡಿಸಬೇಕು. ಬಿಡಿಬಿಡಿಯಾಗಿ ಮುಂದುಮುಂದಕ್ಕೆ ಸಾಗಿದ್ದರೆ ಒಂದಾದ ಮೇಲೊಂದರಂತೆ ಮೀಟಬೇಕು. ಇಷ್ಟೇ ವ್ಯಾಕರಣ.

ಆದರೆ ವ್ಯಾಕರಣ ತಿಳಿದ ಮಾತ್ರಕ್ಕೆ ಭಾಷೆ ಬಾರದೆಂಬುದನ್ನು ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಹೇಳಿದವನು ನಾನೇ. ಗಿಟಾರನ್ನು ತೊಡೆಯ ಮೇಲೆ ಇರಿಸಿಕೊಂಡು ಕುಳಿತಾಗ ದಪ್ಪ ತಂತಿಯು ನಮ್ಮ ಗದ್ದದ ಕಡೆಗೂ ಸಣ್ಣ ತಂತಿಯು ನೆಲದ ಕಡೆಗೂ ಇರುತ್ತವೆ. ಹಾಳೆಯಲ್ಲಾದರೋ ಎಲ್ಲಕ್ಕಿಂತ ಮೇಲಿನ ಗೆರೆಯೇ ಎಲ್ಲಕ್ಕಿಂತ ಸಣ್ಣ ತಂತಿ! ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಕನ್ನಡಿಯಲ್ಲಿ ನೋಡಿಕೊಂಡು ಕ್ಷೌರ ಮಾಡಿಕೊಳ್ಳಲು ಹೊರಟ ಹುಡುಗನಂತೆ ನನ್ನ ಕೈ ಪ್ರತಿ ಬಾರಿಯೂ ವಿರುದ್ಧ ದಿಕ್ಕಿಗೆ ಹೋಯಿತು. ತಾರಸ್ಥಾಯಿಯು ಮೇಲೆ, ಮಂದ್ರವು ಕೆಳಗೆ ಎಂಬ ಕಿವಿಯ ಕಲ್ಪನೆಯನ್ನು ಅನುಸರಿಸಿ ಗೆರೆಗಳನ್ನು ಹಾಕಿರುವರೇ ಹೊರತು ಕಣ್ಣಿಗೆ ಕಾಣುವ ತಂತಿಗಳ ಕ್ರಮವನ್ನಲ್ಲವೆಂಬುದು ಹೊಳೆದ ಮೇಲೆಯೇ ಈ ತೊಡಕು ಸಡಿಲವಾಯಿತು. ಇನ್ನೊಂದು ತೊಡಕು ಬೆರಳುಗಳದು. 3 ಎಂದು ಕಂಡೊಡನೆ ಉಂಗುರಬೆರಳನ್ನು ಇಡಬೇಕೆಂದು ನಾನು ಭಾವಿಸಿದೆನು. ಟ್ಯಾಬಿನ ಅಂಕೆ ಮೆಟ್ಟಿಲಿನದು, ಬೆರಳಿನದಲ್ಲ. ಯಾವ ಬೆರಳೆಂಬುದನ್ನು ಅದು ವಾದಕನ ವಿವೇಕಕ್ಕೆ ಬಿಟ್ಟಿದೆ.

ಎಲ್ಲಕ್ಕಿಂತ ದೊಡ್ಡ ತಪ್ಪನ್ನು ಇನ್ನೂ ಹೇಳಿಲ್ಲ. ಕಲಿಯುವವರಿಗೆಲ್ಲ ಮೊದಲಿಗೆ ಕೊಡುವ ಸ್ವರಗುಚ್ಛವೊಂದಿದೆ, ಇ ಮೈನರ್ ಎಂದು ಅದರ ಹೆಸರು. ಅದರ ಟ್ಯಾಬಿನಲ್ಲಿ ಮೇಲಿನಿಂದ ಕೆಳಕ್ಕೆ 0, 0, 0, 2, 2, 0 ಎಂದು ಆರು ಅಂಕೆಗಳು ನಿಂತಿರುತ್ತವೆ. ಎರಡೇ ಬೆರಳುಗಳಿಂದ ಹಿಡಿಯಬಹುದಾದುದರಿಂದ ಅದು ಹಸುಗೂಸುಗಳ ಪಾಲಿನದು. ನಾನು ತೋರುಬೆರಳನ್ನೂ ನಡುಬೆರಳನ್ನೂ ಎರಡನೆಯ ಮೆಟ್ಟಿಲಿನಲ್ಲಿ ಜಾಗರೂಕತೆಯಿಂದ ಇಟ್ಟು, ಆ ಎರಡು ತಂತಿಗಳನ್ನು ಮಾತ್ರ ಮೀಟಿದೆನು. ಬಡಕಲು ಧ್ವನಿಯೊಂದು ಹೊರಟಿತು. ಲೆಕ್ಕದಲ್ಲಿ ಸೊನ್ನೆಗೆ ಬೆಲೆಯಿಲ್ಲ, ಹಾಜರಿ ಪುಸ್ತಕದಲ್ಲಿ ಸೊನ್ನೆ ಹಾಕಿದರೆ ಹುಡುಗ ಬಂದಿಲ್ಲವೆಂದು ಅರ್ಥ. ಆದುದರಿಂದ ಸೊನ್ನೆ ಬರೆದ ನಾಲ್ಕು ತಂತಿಗಳನ್ನು ಮುಟ್ಟಲೇಬಾರದೆಂದು ನಾನು ತಿಳಿದಿದ್ದೆನು. ತಂಗಿಯ ಮಗನು ನಗುವನ್ನು ತಡೆದುಕೊಂಡು, "ಮಾಮಾ, ಸೊನ್ನಿ ಅಂದ್ರ ಬಿಡೂದಲ್ಲ, ಬಿಟ್ಟ ತಂತಿ ಬಾರ್ಸೂದು" ಎಂದನು.

ನಾನು ಬಿಟ್ಟ ತಂತಿಗಳೊಡನೆ ಆರನ್ನೂ ಒಮ್ಮೆಗೆ ಮೀಟಿದೆನು. ದಪ್ಪ ತಂತಿಯ ಷಡ್ಜದ ಮೇಲೆ ಪಂಚಮವೂ ಕೋಮಲ ಗಾಂಧಾರವೂ ಎದ್ದು ನಿಂತವು. ಪಡಸಾಲೆಯ ಮೂಲೆಯಲ್ಲಿ ತೊಗರಿಬೇಳೆಯನ್ನು ಆರಿಸುತ್ತ ಕುಳಿತಿದ್ದ ನನ್ನ ಹೆಂಡತಿಯು ಮೊದಲ ಸಲ ತಲೆಯೆತ್ತಿ ನೋಡಿದಳು. ಯಾರ ಬೆರಳೂ ತಾಗದೆ ತನ್ನ ಪೂರ್ಣವಾದ ಉದ್ದದಲ್ಲಿ ನಡುಗುವ ತಂತಿಗೆ ಈ ಲಿಪಿಯವರು ಇಟ್ಟ ಹೆಸರು ಸೊನ್ನೆ. ಶೂನ್ಯವನ್ನು ಸಂಪಾದನೆಯೆಂದು ಕರೆದ ಶರಣರ ನಾಡಿನವನಾಗಿದ್ದೂ ನನಗೆ ಇದು ಹೊಳೆಯದೆಹೋದುದಕ್ಕೆ ನಾಚಿಕೆಯೆನಿಸಿತು.

ಮನೆಯ ಹೆಸರು, ಸ್ವರದ ಹೆಸರು

ಸ್ವರವನ್ನು ಬರೆಯುವುದನ್ನು ಬಿಟ್ಟು ಸ್ಥಳವನ್ನು ಬರೆಯುವುದೇಕೆ ಎಂಬ ಪ್ರಶ್ನೆ ನನ್ನನ್ನು ಕೆಲವು ದಿನ ಕಾಡಿತು. ಅದಕ್ಕೆ ಉತ್ತರವು ಗಿಟಾರಿನ ಕಟ್ಟಡದಲ್ಲಿಯೇ ಇದೆ. ಸಾಮಾನ್ಯವಾದ ಶ್ರುತಿಯಲ್ಲಿ ದಪ್ಪ ತಂತಿಯಿಂದ ಸಣ್ಣದರವರೆಗೆ ಇ, ಎ, ಡಿ, ಜಿ, ಬಿ, ಇ ಎಂಬ ಸ್ವರಗಳಿರುತ್ತವೆ. ಒಂದು ತಂತಿಯ ಐದನೆಯ ಮೆಟ್ಟಿಲನ್ನು ಒತ್ತಿದರೆ ಮುಂದಿನ ತಂತಿಯ ಬಿಟ್ಟ ಸ್ವರವೇ ನುಡಿಯುತ್ತದೆ, ಅಂದರೆ ಒಂದನ್ನು ಷಡ್ಜವೆಂದರೆ ಮುಂದಿನದು ಶುದ್ಧ ಮಧ್ಯಮ. ಜಿ ಮತ್ತು ಬಿ ತಂತಿಗಳ ನಡುವೆ ಮಾತ್ರ ಈ ನಿಯಮವು ಮುರಿದು, ನಾಲ್ಕನೆಯ ಮೆಟ್ಟಿಲಿಗೇ ಸ್ವರ ಕೂಡುತ್ತದೆ. ಅಲ್ಲಿನ ಅಂತರವು ಗಾಂಧಾರದ್ದು. ಈ ಕಟ್ಟಡದ ಫಲವಾಗಿ ಒಂದೇ ಸ್ವರವು ಅನೇಕ ಮನೆಗಳಲ್ಲಿ ವಾಸಿಸುತ್ತದೆ. ಸಣ್ಣ ತಂತಿಯನ್ನು ಬಿಟ್ಟು ಮೀಟಿದಾಗ ಬರುವ ಸ್ವರವು ಬಿ ತಂತಿಯ 5ನೆಯ ಮೆಟ್ಟಿಲಿನಲ್ಲಿಯೂ, ಜಿ ತಂತಿಯ 9ನೆಯದರಲ್ಲಿಯೂ, ಡಿ ತಂತಿಯ 14ನೆಯದರಲ್ಲಿಯೂ ಇದೆ. ಸ್ವರವೊಂದೇ ಆದರೂ ಧ್ವನಿಯ ಬಣ್ಣ ಬೇರೆ. ಅದಕ್ಕಿಂತ ಮುಖ್ಯವಾಗಿ, ಮುಂದಿನ ಸ್ವರಕ್ಕೆ ಬೆರಳು ದಾಟಬೇಕಾದ ದೂರವೂ ಬೇರೆ. ಸ್ವರದ ಹೆಸರನ್ನಷ್ಟೇ ಹೇಳಿದರೆ, ಊರಿನ ಹೆಸರು ಹೇಳಿ ಓಣಿಯ ಹೆಸರನ್ನು ಹೇಳದೆ ಬಿಟ್ಟಂತೆ. ಟ್ಯಾಬು ಓಣಿಯನ್ನೂ ಬಾಗಿಲನ್ನೂ ತೋರಿಸುತ್ತದೆ.

ಇದು ನಮಗೆ ತೀರ ಹೊಸದೇನೂ ಅಲ್ಲವೆಂಬುದು ನಮ್ಮ ಭಜನಾಮಂಡಳಿಯ ಹಾರ್ಮೋನಿಯಂ ಪೆಟ್ಟಿಗೆಯನ್ನು ನೋಡುತ್ತಿದ್ದಾಗ ನನಗೆ ತಿಳಿಯಿತು. ಹಾಡುವವನು "ಕಾಳಿ ಚಾರ್ ಹಿಡೀರಿ" ಎಂದಾಗ ಪೆಟ್ಟಿಗೆಯವನು ಸ್ವರಶಾಸ್ತ್ರವನ್ನು ವಿಚಾರಿಸುವುದಿಲ್ಲ. ನಾಲ್ಕನೆಯ ಕರಿಯ ಮನೆಯ ಮೇಲೆ ಬೆರಳಿಟ್ಟು ಅದನ್ನೇ ಷಡ್ಜವೆಂದು ಹಿಡಿಯುತ್ತಾನೆ. ಕಾಳಿ ಚಾರ್ ಎಂಬುದು ಸ್ವರದ ಹೆಸರಲ್ಲ, ಬೆರಳು ಹೋಗಬೇಕಾದ ವಿಳಾಸ. ಊರೂರ ಪೆಟ್ಟಿಗೆಯವರು ಬಾಯಲ್ಲಿ ಆಡುವ ಆ ಭಾಷೆಯನ್ನೇ ಟ್ಯಾಬು ಆರು ಗೆರೆಗಳ ಮೇಲೆ ಬರೆಯುತ್ತದೆ.

ಈ ಅರಿವಿನ ಬಲದಿಂದ ನಾನು ನನಗೆ ಪರಿಚಯವಿದ್ದ ಭೂಪ ರಾಗದ ಆರೋಹಣವನ್ನು, ದಕ್ಷಿಣದವರು ಮೋಹನವೆನ್ನುವ ಸ ರಿ ಗ ಪ ದ ಸ ಎಂಬ ಏಣಿಯನ್ನು, ಡಿ ತಂತಿಯನ್ನೇ ಷಡ್ಜವಾಗಿ ಇಟ್ಟುಕೊಂಡು ಮಗ್ಗಿ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡೆನು. ಅದು ಹೀಗಿತ್ತು:

|------------------| ಇ (ಸಣ್ಣ ತಂತಿ)
|----------------3-| ಬಿ
|----------2--4----| ಜಿ
|-0--2--4----------| ಡಿ
|------------------| ಎ
|------------------| ಇ (ದಪ್ಪ ತಂತಿ)

ಕೆಳಗಿನಿಂದ ಮೇಲಕ್ಕೆ, ಎಡದಿಂದ ಬಲಕ್ಕೆ ಏರುವ ಈ ಆರು ಅಂಕೆಗಳನ್ನು ನೋಡಿದರೆ ಮೆಟ್ಟಿಲುಗಳನ್ನು ಹತ್ತುತ್ತಿರುವ ಮನುಷ್ಯನ ಹೆಜ್ಜೆಯ ಗುರುತುಗಳಂತೆ ಕಾಣುತ್ತವೆ. ಬಿಟ್ಟ ತಂತಿ ಷಡ್ಜ. ಅದೇ ತಂತಿಯ ಎರಡು, ನಾಲ್ಕು ರಿಷಭ ಗಾಂಧಾರಗಳು. ಪಕ್ಕದ ತಂತಿಗೆ ದಾಟಿದರೆ ಎರಡು, ನಾಲ್ಕು ಪಂಚಮ ಧೈವತಗಳು. ಇನ್ನೊಂದು ತಂತಿಯ ಮೂರನೆಯದು ತಾರ ಷಡ್ಜ. ಅಂದು ಸಂಜೆಯೊಳಗಾಗಿ ನನ್ನ ಎಡಗೈಯ ಬೆರಳತುದಿಗಳು ಉರಿಯತೊಡಗಿದ್ದವು. ಹದಿನೈದು ದಿನಗಳಲ್ಲಿ ಅವು ದಡ್ಡುಗಟ್ಟಿದವು, ಉರಿಯೂ ನಿಂತಿತು.

ಲೂಟಿನಿಂದ ಬಂದ ಬಳುವಳಿ

ಈ ಲಿಪಿಯು ನಿನ್ನೆ ಮೊನ್ನೆ ಹುಡುಗರು ಸುಲಭಕ್ಕಾಗಿ ಹೂಡಿದ ಉಪಾಯವೆಂದು ನಾನು ಭ್ರಮಿಸಿದ್ದೆನು. ವಿಚಾರಿಸುತ್ತ ಹೋದಂತೆ ಅದರ ವಯಸ್ಸು ಐದು ಶತಮಾನಗಳನ್ನು ಮೀರಿದ್ದೆಂದು ತಿಳಿಯಿತು. ಪಾಶ್ಚಾತ್ಯರಲ್ಲಿ ಲೂಟ್ ಎಂಬ, ಗಿಟಾರಿಗೆ ದೊಡ್ಡಪ್ಪನ ಸ್ಥಾನದಲ್ಲಿ ನಿಲ್ಲಬಹುದಾದ, ಕುಂಬಳಕಾಯಿಯನ್ನು ಸೀಳಿದಂತಿರುವ ಬೆನ್ನಿನ ವಾದ್ಯವೊಂದಿತ್ತು. ಆ ವಾದ್ಯಕ್ಕಾಗಿ ಫ್ರಾಂಚೆಸ್ಕೊ ಸ್ಪಿನಚಿನೊ ಎಂಬವನು ಸಿದ್ಧಪಡಿಸಿದ ಪುಸ್ತಕವನ್ನು ವೆನಿಸ್ ನಗರದ ಒತ್ತಾವಿಯಾನೊ ಪೆಟ್ರುಚಿ 1507ರಲ್ಲಿ ಅಚ್ಚು ಹಾಕಿದನು. ಅಚ್ಚಿನಲ್ಲಿ ಬಂದ ಲೂಟಿನ ಟ್ಯಾಬುಗಳಲ್ಲಿ ಅದೇ ಮೊದಲನೆಯದು. ಆರು ಗೆರೆಗಳು, ಗೆರೆಗಳ ಮೇಲೆ ಅಂಕೆಗಳು, ಬಿಟ್ಟ ತಂತಿಗೆ ಸೊನ್ನೆ. ನಮ್ಮ ಪಡಸಾಲೆಯಲ್ಲಿ ಬಿದ್ದಿದ್ದ ಹಾಳೆಯ ಮುತ್ತಜ್ಜನ ಮುಖಲಕ್ಷಣವು ಅಲ್ಲಿಯೇ ಸ್ಫುಟವಾಗಿ ಕಾಣುತ್ತದೆ. ಇಟಲಿಯವರು ಕೆಳಗಿನ ಗೆರೆಯನ್ನು ತಾರದ ತಂತಿಗೆ ಕೊಟ್ಟಿದ್ದರು, ಅಂದರೆ ಕೈಯಲ್ಲಿ ಹಿಡಿದಾಗ ಕಾಣುವ ಕ್ರಮವನ್ನೇ ಬರೆದರು. ಸ್ಪೇನಿನ ಲೂಯಿಸ್ ಮಿಲಾನ್ 1536ರಲ್ಲಿ ವಲೆನ್ಸಿಯಾದಲ್ಲಿ ಪ್ರಕಟಿಸಿದ ‘ಎಲ್ ಮಾಯೆಸ್ತ್ರೊ’ ಎಂಬ ಗ್ರಂಥದಲ್ಲಿ ತಾರದ ತಂತಿಯನ್ನು ಮೇಲಕ್ಕೆ ಏರಿಸಿದನು. ಇಂದಿನ ಕ್ರಮವೂ ಅದೇ. ನನ್ನ ಕೈಯನ್ನು ವಾರಗಟ್ಟಲೆ ತಪ್ಪು ದಿಕ್ಕಿಗೆ ಓಡಿಸಿದ ಆ ತಲೆಕೆಳಗು ಅಷ್ಟು ಹಳೆಯದು! ಫ್ರೆಂಚರು ಅಂಕೆಗಳ ಬದಲಿಗೆ ಅಕ್ಷರಗಳನ್ನು ಹಿಡಿದರು: ಬಿಟ್ಟ ತಂತಿಗೆ ‘ಎ’, ಮೊದಲ ಮೆಟ್ಟಿಲಿಗೆ ‘ಬಿ’.

ಜರ್ಮನರ ಪದ್ಧತಿಯು ಎಲ್ಲಕ್ಕಿಂತ ಕಠಿಣ. ಅದರಲ್ಲಿ ಗೆರೆಗಳೇ ಇಲ್ಲ. ತಂತಿಯೂ ಮೆಟ್ಟಿಲೂ ಕೂಡುವ ಪ್ರತಿಯೊಂದು ಸ್ಥಾನಕ್ಕೂ ಒಂದೊಂದು ಪ್ರತ್ಯೇಕ ಚಿಹ್ನೆಯನ್ನು ಕಂಠಪಾಠ ಮಾಡಬೇಕು. ಆ ಪದ್ಧತಿಯನ್ನು ರೂಪಿಸಿದವನು ನ್ಯೂರೆಂಬರ್ಗಿನ ಕೊನ್ರಾಡ್ ಪೌಮನ್ ಎಂಬ ಆರ್ಗನ್ ವಾದಕನೆಂದು 1511ರಲ್ಲಿ ಸೆಬಾಸ್ಟಿಯನ್ ವಿರ್ಡುಂಗ್ ಬರೆದಿದ್ದಾನೆ. 1473ರಲ್ಲಿ ತೀರಿಕೊಂಡ ಪೌಮನ್ ಹುಟ್ಟುಗುರುಡನು. ಕಣ್ಣಿಲ್ಲದವನೊಬ್ಬನು ಕಣ್ಣುಳ್ಳವರಿಗಾಗಿ ಲಿಪಿಯನ್ನು ಹೂಡಿದನೆಂಬುದು ಮೊದಲಿಗೆ ವಿಚಿತ್ರವೆನಿಸಿದರೂ, ಗೆರೆಗಳ ಆಸರೆಯಿಲ್ಲದೆ ಪ್ರತಿ ಸ್ಥಾನವನ್ನೂ ಹೆಸರಿನಿಂದಲೇ ಗುರುತಿಸುವ ಆ ಕ್ರಮವು ಪುಟವನ್ನು ಕಾಣದವನ ಮನಸ್ಸಿಗೆ ಸಹಜವಾದುದೇ ಸರಿ. ಮುಂದೆ 1829ರಲ್ಲಿ ಲೂಯಿ ಬ್ರೈಲ್ ತನ್ನ ಚುಕ್ಕೆಗಳ ಲಿಪಿಯನ್ನು ಪ್ರಕಟಿಸಿದಾಗ ಮಾತಿನೊಡನೆ ಸಂಗೀತವನ್ನು ಬರೆಯುವ ಕ್ರಮವನ್ನೂ ಅದರಲ್ಲಿ ಸೇರಿಸಿದ್ದನು. ಅವನೂ ಆರ್ಗನ್ ವಾದಕನೇ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಬಾಲಕರ ಬೆರಳುಗಳಿಗೆ ವಾದ್ಯಗಳನ್ನು ಒಪ್ಪಿಸಿದ ಕಥೆಯನ್ನು ಕೇಳುತ್ತ ಬೆಳೆದ ಉತ್ತರ ಕರ್ನಾಟಕದವರಿಗೆ, ಬೆರಳು ಓದಬಲ್ಲುದೆಂಬ ಮಾತನ್ನು ವಿಶೇಷವಾಗಿ ವಿವರಿಸಬೇಕಾಗಿಲ್ಲ.

ಇನ್ನೊಂದು ಸಂಗತಿಯು ನನ್ನಲ್ಲಿನ ಮಾಸ್ತರನಿಗೆ ಬಹಳ ಹಿಡಿಸಿತು. ದೂರದರ್ಶಕವನ್ನು ಆಕಾಶಕ್ಕೆ ತಿರುಗಿಸಿದ ಗೆಲಿಲಿಯೋನ ತಂದೆ ವಿನ್ಚೆನ್ಜೊ ಗೆಲಿಲಿ ಲೂಟ್ ವಾದಕನು. ಹಾಡುಗಳನ್ನು ಲೂಟಿನ ಟ್ಯಾಬಿಗೆ ಇಳಿಸುವುದು ಹೇಗೆಂಬುದನ್ನು ಗುರುಶಿಷ್ಯ ಸಂವಾದದ ರೂಪದಲ್ಲಿ ತಿಳಿಸುವ ‘ಫ್ರೊನಿಮೊ’ ಎಂಬ ಗ್ರಂಥವನ್ನು 1568ರಲ್ಲಿ ಪ್ರಕಟಿಸಿದನು. ಮೆಟ್ಟಿಲುಗಳನ್ನು ಎಲ್ಲಿ ಕೂರಿಸಬೇಕೆಂಬುದಕ್ಕೆ ಅವನು ಕೊಟ್ಟ ಸೂತ್ರವು ಸರಳವಾದುದು: ಉಳಿದಿರುವ ತಂತಿಯ ಉದ್ದದ ಹದಿನೆಂಟರಲ್ಲೊಂದು ಪಾಲನ್ನು ಪ್ರತಿ ಸಲವೂ ಬಿಡುತ್ತ ಹೋಗಬೇಕು. ಇಂದಿನ ಕುಶಲಕರ್ಮಿಗಳು 18ರ ಬದಲಿಗೆ 17.817 ಎಂಬ ಸಂಖ್ಯೆಯಿಂದ ಭಾಗಿಸುತ್ತಾರೆ. ತಂತಿಯು 650 ಮಿಲಿಮೀಟರ್ ಉದ್ದವಿದ್ದಲ್ಲಿ ಇಂದಿನ ಲೆಕ್ಕದಂತೆ ಮೊದಲ ಮೆಟ್ಟಿಲು ಸುಮಾರು 36.5 ಮಿಲಿಮೀಟರಿನಲ್ಲಿಯೂ ಗೆಲಿಲಿಯ ಲೆಕ್ಕದಂತೆ 36.1ರಲ್ಲಿಯೂ ಬೀಳುತ್ತದೆ. 12ನೆಯ ಮೆಟ್ಟಿಲು ಸರಿಯಾಗಿ ನಡುವೆ, 325ರಲ್ಲಿ; ಅಲ್ಲಿ ಒತ್ತಿದರೆ ಬಿಟ್ಟ ತಂತಿಯ ಸ್ವರವೇ ಒಂದು ಸ್ಥಾಯಿ ಮೇಲೆ ನುಡಿಯುತ್ತದೆ. ನಾನು ಇದನ್ನು ಶಾಲೆಯ ಅಳತೆಪಟ್ಟಿಯಿಂದ ಗಿಟಾರಿನ ಮೇಲೆ ಅಳೆದು ನೋಡಿ ಸಂತೋಷಪಟ್ಟೆನು.

ನಮ್ಮ ಮೆಟ್ಟಿಲುಗಳು

ಪರದೇಶದ ಈ ಕಥೆಯನ್ನು ಓದುವಾಗ, ತಂತಿಯ ಕೆಳಗೆ ಮೆಟ್ಟಿಲು ಕಟ್ಟುವುದರಲ್ಲಿ ಅವರಿಗಿಂತ ಹಿಂದುಳಿಯದ ನಮ್ಮವರು ಏನು ಬರೆದರೆಂಬ ಕುತೂಹಲವು ಸಹಜವಾಗಿಯೇ ಹುಟ್ಟುತ್ತದೆ. 12ನೆಯ ಶತಮಾನದ ಶರಣರಲ್ಲಿ ಕಿನ್ನರಿ ಬೊಮ್ಮಯ್ಯನೆಂಬವನು ತಾನು ನುಡಿಸುತ್ತಿದ್ದ ವಾದ್ಯದ ಹೆಸರನ್ನೇ ಹೊತ್ತವನು. ಕಿನ್ನರಿಯು ಮೆಟ್ಟಿಲುಗಳುಳ್ಳ ವೀಣೆ. 1550ರಲ್ಲಿ ವಿಜಯನಗರದ ಅಳಿಯ ರಾಮರಾಯನ ಅಪೇಕ್ಷೆಯಂತೆ ರಾಮಾಮಾತ್ಯನು ಬರೆದ ‘ಸ್ವರಮೇಳಕಲಾನಿಧಿ’ಯಲ್ಲಿ, ವೀಣೆಯ ಯಾವ ತಂತಿಯ ಕೆಳಗೆ ಯಾವ ಮೆಟ್ಟಿಲಿನಲ್ಲಿ ಯಾವ ಸ್ವರವು ಹುಟ್ಟುವುದೆಂಬುದು ಕ್ರಮವಾಗಿ ನಿರೂಪಿತವಾಗಿದೆ. ಒಂದೇ ಮೆಟ್ಟಿಲು ಬೇರೆ ಬೇರೆ ತಂತಿಗಳ ಕೆಳಗೆ ಬೇರೆ ಬೇರೆ ಸ್ವರವಾಗುವ ಆ ವಿವರಣೆಯನ್ನು ಗೆರೆ ಎಳೆದು ಬರೆದಿದ್ದರೆ ಅದೇ ಒಂದು ಟ್ಯಾಬಿನ ಕೋಷ್ಟಕವಾಗುತ್ತಿತ್ತು. ಆ ಗ್ರಂಥವನ್ನು ಬರೆಯಿಸಿದ ರಾಮರಾಯನು ಹದಿನೈದು ವರ್ಷಗಳ ಮೇಲೆ, 1565ರ ಜನವರಿಯಲ್ಲಿ, ನಮ್ಮ ಸುರಪುರದಿಂದ ಪಡುವಲಿಗೆ ಕೃಷ್ಣೆಯ ಸೀಮೆಯಲ್ಲಿ ನಡೆದ ಯುದ್ಧದಲ್ಲಿ ತಲೆ ಕೊಟ್ಟನು. ಸಾಮ್ರಾಜ್ಯವು ಮುಳುಗಿದರೂ ಮೆಟ್ಟಿಲುಗಳ ಲೆಕ್ಕವು ಉಳಿಯಿತು. 1609ರಲ್ಲಿ ಸೋಮನಾಥನು ‘ರಾಗವಿಬೋಧ’ವನ್ನು ರಚಿಸಿದಾಗ ಸ್ವರಾಕ್ಷರಗಳೊಡನೆ, ವೀಣೆಯ ಮೇಲೆ ಬೆರಳು ತಂತಿಯನ್ನು ಹೇಗೆ ತಾಗಬೇಕು, ಹೇಗೆ ಎಳೆಯಬೇಕು, ಹೇಗೆ ಜಾರಬೇಕೆಂಬುದಕ್ಕೂ ಸಂಜ್ಞೆಗಳನ್ನು ಕಲ್ಪಿಸಿದನು.

ಸಂಜ್ಞೆಗಳ ಮಾತು ಬಂದಾಗ ನಾನು ಒಂದು ರಾತ್ರಿ ಅನುಭವಿಸಿದ ಬೆರಗನ್ನು ಹೇಳಲೇಬೇಕು. ಟ್ಯಾಬಿನಲ್ಲಿ ಅಂಕೆಗಳ ನಡುವೆ ಕೆಲವು ಗುರುತುಗಳು ಬರುತ್ತವೆ. ಎರಡು ಅಂಕೆಗಳ ನಡುವೆ / ಎಂಬ ಓರೆಗೆರೆ ಇದ್ದರೆ ಬೆರಳನ್ನು ಎತ್ತದೆ ಮೇಲಿನ ಮೆಟ್ಟಿಲಿಗೆ ಜಾರಬೇಕು. \ ಎಂದಿದ್ದರೆ ಕೆಳಕ್ಕೆ ಜಾರಬೇಕು. ~ ಎಂಬ ಅಲೆಯಿದ್ದರೆ ತಂತಿಯನ್ನು ಒತ್ತಿದಲ್ಲಿಯೇ ನಡುಗಿಸಬೇಕು. ‘ಬಿ’ ಎಂಬ ಅಕ್ಷರವಿದ್ದರೆ ತಂತಿಯನ್ನು ಪಕ್ಕಕ್ಕೆ ಸೆಳೆದು ಸ್ವರವನ್ನು ಏರಿಸಬೇಕು, ಸಿತಾರಿನವರ ಮೀಂಡು ಅದೇ. ಇವುಗಳನ್ನು ಓದುತ್ತಿರುವಾಗ, ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಾಪುರದಿಂದ ತೆಲುಗು ಲಿಪಿಯಲ್ಲಿ ಪ್ರಕಟಿಸಿದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯ ಗಮಕ ಚಿಹ್ನೆಗಳು ನೆನಪಿಗೆ ಬಂದವು. ಮುತ್ತುಸ್ವಾಮಿ ದೀಕ್ಷಿತರ ಮನೆತನದ ಆ ವೈಣಿಕರು ಏರುವ ಜಾರಿಗೆ ಇಟ್ಟ ಚಿಹ್ನೆ /. ಇಳಿಯುವ ಜಾರಿಗೆ \. ಕಂಪಿತಕ್ಕೆ ಅಲೆಯ ಗೆರೆ! ಅಮೆರಿಕದ ಗಿಟಾರಿಗರು ಅವರ ಗ್ರಂಥವನ್ನು ನೋಡಿ ಬರೆದರೆಂದು ಯಾರೂ ಹೇಳಲಾರರು. ತಂತಿಯ ಮೇಲೆ ಜಾರುವ ಬೆರಳು ಎಟ್ಟಯಾಪುರದಲ್ಲಿಯೂ ಮಿಸಿಸಿಪ್ಪಿಯಲ್ಲಿಯೂ ಒಂದೇ ಓರೆಯಲ್ಲಿ ಜಾರುವುದರಿಂದ, ಅದರ ಚಿತ್ರವನ್ನು ಬರೆಯಹೊರಟ ಲೇಖನಿಯೂ ಒಂದೇ ಓರೆಯಲ್ಲಿ ಎಳೆಯಿತು. ಆದರೆ ಈ ಸಾಮ್ಯವನ್ನು ಅತಿಯಾಗಿ ನಂಬಬಾರದು. ಗುಣಾಕಾರದ ಗುರುತು ಟ್ಯಾಬಿನಲ್ಲಿ ಸ್ವರವೇಳದಂತೆ ಅದುಮಿ ಹಿಡಿದ ತಂತಿಯನ್ನು ಸೂಚಿಸುತ್ತದೆ. ದೀಕ್ಷಿತರಲ್ಲಿ ಅದೇ ಗುರುತು ತಂತಿಯನ್ನು ಓರೆಗೊತ್ತಿ ಮುಂದಿನ ಸ್ವರವನ್ನು ಹೊರಡಿಸುವ ಒಂದು ಗಮಕ. ಒಬ್ಬರು ಮೌನವೆಂದದ್ದನ್ನು ಮತ್ತೊಬ್ಬರು ನಾದವೆಂದಿದ್ದಾರೆ.

ಬರೆಯದೆ ಉಳಿದದ್ದು

ಇಷ್ಟೆಲ್ಲವನ್ನು ಕಲಿತ ಬಳಿಕ, ನನಗೆ ಗೊತ್ತಿಲ್ಲದ ಹಾಡೊಂದರ ಟ್ಯಾಬನ್ನು ಎದುರಿಗಿಟ್ಟುಕೊಂಡು ನುಡಿಸಲು ಕುಳಿತೆನು. ಅಂಕೆಗಳೆಲ್ಲ ಸರಿಯಾಗಿ ಬಿದ್ದವು. ಹಾಡು ಮಾತ್ರ ಬರಲಿಲ್ಲ. ಯಾವ ಅಂಕೆಯ ಮೇಲೆ ಎಷ್ಟು ಹೊತ್ತು ನಿಲ್ಲಬೇಕು, ಯಾವುದನ್ನು ಮುಟ್ಟಿ ಓಡಬೇಕೆಂಬುದು ಆ ಹಾಳೆಯಲ್ಲಿ ಇರಲೇ ಇಲ್ಲ. ಲೂಟಿನವರು ಗೆರೆಗಳ ಮೇಲ್ಗಡೆ ಕಡ್ಡಿಬಾವುಟಗಳಂತಹ ಗುರುತುಗಳನ್ನು ನೆಟ್ಟು ಕಾಲವನ್ನು ತೋರಿಸುತ್ತಿದ್ದರು. ಇಂದಿನ ಒಳ್ಳೆಯ ಅಚ್ಚಿನ ಪುಸ್ತಕಗಳಲ್ಲಿ ಟ್ಯಾಬಿನ ಮೇಲೆ ಪಾಶ್ಚಾತ್ಯ ಸ್ವರಲಿಪಿಯ ಐದು ಗೆರೆಗಳನ್ನೂ ಜೊತೆಗೂಡಿಸುತ್ತಾರೆ. ಹುಡುಗರು ಕೈಯಿಂದ ಕೈಗೆ ದಾಟಿಸುವ ಬಡ ಟ್ಯಾಬುಗಳಲ್ಲಿ ಅದಾವುದೂ ಇಲ್ಲ. ನನಗೆ ಬಾಲ್ಯದಿಂದ ಕಿವಿಯಲ್ಲಿ ಕುಳಿತ ಹಾಡಿನ ಟ್ಯಾಬನ್ನು ತೆಗೆದಾಗಲಾದರೋ ಅಂಕೆಗಳು ತಾವಾಗಿ ನಡೆದವು. ಆಗ ತಿಳಿಯಿತು: ಟ್ಯಾಬು ಹಾಡನ್ನು ಕಲಿಸುವ ಲಿಪಿಯಲ್ಲ, ಹಾಡನ್ನು ಬಲ್ಲವನ ಕೈಗೆ ದಾರಿ ತೋರುವ ಲಿಪಿ, ಮೊದಲು ಕಿವಿ ತುಂಬಿರಬೇಕು, ಆಮೇಲೆ ಕಾಗದ. ಹಾಗಾದರೆ ಕಿವಿಯಿಂದಲೇ ಬದುಕಿದ ನಮ್ಮ ಸೀಮೆಗೆ ಇದಕ್ಕಿಂತ ಹತ್ತಿರದ ಲಿಪಿ ಬೇರೆ ಯಾವುದಿದ್ದೀತು?

ಈ ಸೀಮೆಯು ಲಿಪಿಗಳ ವಿಷಯದಲ್ಲಿ ಬಡವಾದುದೇನೂ ಅಲ್ಲ. ಸುರಪುರದ ಕಡೆಯ ಕೊಡೇಕಲ್ಲ ಬಸವಣ್ಣನ ಪರಂಪರೆಯವರು ಕಾಲಜ್ಞಾನವನ್ನು ಅಮರಗನ್ನಡವೆಂಬ ಬೇರೊಂದು ಲಿಪಿಯಲ್ಲಿಯೇ ಬರೆದಿಟ್ಟರು. ಅದನ್ನು ಓದಬಲ್ಲವನು ಆ ಮಾತುಗಳ ಒಳಗಿನವನಾಗಿರಬೇಕು. 1580ರಿಂದ 1627ರವರೆಗೆ ವಿಜಯಪುರವನ್ನಾಳಿದ ಎರಡನೆಯ ಇಬ್ರಾಹಿಂ ಆದಿಲಶಾಹನು ತನ್ನ ತಂಬೂರಿಗೆ ಮೋತಿಖಾನನೆಂದು ಹೆಸರಿಟ್ಟು ಪ್ರೀತಿಸಿದವನು. ಅವನ ‘ಕಿತಾಬೆ ನವರಸ’ದ ಹಾಡುಗಳಿಗೆ ರಾಗದ ಹೆಸರುಗಳಿವೆ, ಬೆರಳಿನ ದಾರಿಯಿಲ್ಲ. ನಮ್ಮ ತತ್ತ್ವಪದಗಳೂ ಈಗ ಸಂಪುಟಗಳಾಗಿ ಅಚ್ಚಾಗಿವೆ. ಪದಗಳು ಉಳಿದವು, ಮಟ್ಟುಗಳು ಮಾತ್ರ ಹಾಡುವವರ ಗಂಟಲಲ್ಲಿಯೇ ಇವೆ. ಹಾಡುವವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಈ ಯೋಚನೆಯಿಂದಲೇ, ತಂಗಿಯ ಮಗನು ಬೆಂಗಳೂರಿಗೆ ಮರಳಿ ಗಿಟಾರನ್ನು ನನ್ನ ಬಳಿಯೇ ಬಿಟ್ಟುಹೋದ ಮೇಲೆ, ನಮ್ಮೂರಿನಲ್ಲಿ ಏಕತಾರಿ ಹಿಡಿದು ಹಾಡುವ, ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರಾದ ಒಬ್ಬರನ್ನು ಮನೆಗೆ ಕರೆದುತಂದೆನು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನೂರಾರು ಪದಗಳು ಅವರ ನಾಲಗೆಯ ತುದಿಯಲ್ಲಿವೆ. ಐದೇ ಸ್ವರಗಳಲ್ಲಿ ಸುಳಿಯುವ ಪದವೊಂದನ್ನು ಅವರು ಹತ್ತಾರು ಸಲ ಹಾಡಿದರು. ನಾನು ಅದನ್ನು ಡಿ, ಜಿ, ಬಿ ತಂತಿಗಳ ಮೇಲೆ ಹುಡುಕಿ ಹುಡುಕಿ ಅಂಕೆಗಳಲ್ಲಿ ಬರೆದೆನು. ಸಂಜೆಗೆ ಬರೆದದ್ದನ್ನು ನೋಡಿಕೊಂಡು ನುಡಿಸಿದಾಗ ಅವರು ತಲೆದೂಗಿದರು. ಆಮೇಲೆ ಹಾಳೆಯನ್ನು ಕೈಗೆ ತೆಗೆದುಕೊಂಡು, ಮೇಲೆ ಕೆಳಗೆ ನೋಡಿ, "ಇದರಾಗ ನಾ ಉಸುರು ತಗೊಳ್ಳಾದು ಎಲ್ಲಿ ಅದರೀ ಮಾಸ್ತರ?" ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ಐದು ನೂರು ವರ್ಷಗಳ ಆ ಲಿಪಿಯಲ್ಲಿ ನಾನು ಕಲಿತ ಗುರುತುಗಳನ್ನೆಲ್ಲ ಮನಸ್ಸಿನಲ್ಲಿ ತಿರುವಿ ಹಾಕಿದೆನು. ಉಸಿರಿಗೆಂದು ಒಂದೂ ಸಿಗಲಿಲ್ಲ. ಮಾತು ಮರೆಸಲೆಂದು, "ಕಾಕಾ, ನಿಮ್ಮ ಏಕತಾರಿಗೂ ಬರೀತೀನಿ ನೋಡ್ರಿ" ಎಂದು ಇನ್ನೊಂದು ಹಾಳೆಯ ಮೇಲೆ ಒಂದೇ ಒಂದು ಗೆರೆಯನ್ನು ಎಳೆದು, ಅದರ ಮೇಲೆ ಒಂದೇ ಅಂತರದಲ್ಲಿ ಸೊನ್ನೆಗಳನ್ನು ಬರೆಯುತ್ತ ಹೋದೆನು. ಏಕತಾರಿಗೆ ಇರುವುದು ಒಂದೇ ತಂತಿ, ಮೆಟ್ಟಿಲೆಂಬುದಿಲ್ಲ. ಬಿಟ್ಟ ತಂತಿಯ ಹೊರತು ಬೇರೆ ಸ್ವರವನ್ನು ಅದು ನುಡಿಯುವುದಿಲ್ಲ.

"ಬರೀ ಸೊನ್ನೀ?" ಎಂದರು ಅವರು.

"ಹೌದ್ರಿ ಕಾಕಾ, ಬರೀ ಸೊನ್ನಿ. ಒಂದೊಂದು ಸೊನ್ನಿಗೆ ಒಂದೊಂದು ಮೀಟು."

ಅವರು ಹಾಳೆಯನ್ನು ಚಾಪೆಯ ಮೇಲೆ ಹಾಸಿಕೊಂಡು, ಏಕತಾರಿಯನ್ನು ಹೆಗಲಿಗೆ ಒರಗಿಸಿ, ಎಡಗೈಯ ಬೆರಳನ್ನು ಮೊದಲ ಸೊನ್ನೆಯ ಮೇಲಿಟ್ಟು ಮೀಟಿದರು. ಎರಡನೆಯದಕ್ಕೆ ಬೆರಳನ್ನು ಸರಿಸಿ ಮತ್ತೊಮ್ಮೆ ಮೀಟಿದರು. ನಾಲ್ಕೈದು ಸೊನ್ನೆಗಳು ಕಳೆಯುವಷ್ಟರಲ್ಲಿ ಪದವು ತಾನಾಗಿ ಗಂಟಲಿಗೆ ಬಂದಿತು; ಬೆರಳು ಸಾಲಿನ ಮೇಲೆ ಸಾಗುತ್ತಲೇ ಇತ್ತು. ಮೂವತ್ತು ವರ್ಷ ಅಕ್ಷರ ಕಲಿಸಿದ ನಾನು, ಒಬ್ಬ ಮನುಷ್ಯನು ತನ್ನ ಬಾಳಿನಲ್ಲಿ ಮೊದಲ ಬಾರಿಗೆ ಬರಹವೊಂದನ್ನು ಓದುವುದನ್ನು ಎದುರಿಗೆ ಕುಳಿತು ನೋಡುತ್ತಿದ್ದೆನು. ಹನ್ನೊಂದನೆಯ ಸೊನ್ನೆಯಾದ ಮೇಲೆ ಅವರ ಬೆರಳು ನಿಂತಿತು. ತಂತಿಯ ನಾದವು ಹರಿಯುತ್ತಿದ್ದಂತೆಯೇ ಅವರು ಉಸಿರು ತೆಗೆದುಕೊಂಡರು. ನಾನು ಲೇಖನಿಯನ್ನು ಎತ್ತಿ ಅಲ್ಲಿ, ಹನ್ನೊಂದಕ್ಕೂ ಹನ್ನೆರಡಕ್ಕೂ ನಡುವೆ, ಒಂದು ಸಣ್ಣ ಚುಕ್ಕೆಯನ್ನು ಇಟ್ಟೆನು.